ಎದೆಯೊಳಗಿನ ಅಪರೂಪದ ಗಡ್ಡೆ ಮತ್ತು ಸೂಜಿ ಪರೀಕ್ಷೆ



ನಿಮ್ಮಲ್ಲಿ ಅನೇಕರು ಹಿರಿಯರ ಜೊತೆಗೆ ಕೃಷಿ ಮಾರುಕಟ್ಟೆಗೆ ಹೋಗಿರುತ್ತೀರಿ. ಅಲ್ಲಿ ಹೆಸರುಕಾಳಿನ, ಕಡಲೆಯ ಚೀಲಗಳು ಸಾಲಾಗಿ ನಿಂತಿರುತ್ತವೆ. ವ್ಯಾಪಾರಿ ಪ್ರತಿಯೊಂದು ಚೀಲವನ್ನೂ ಬಿಚ್ಚಿ ನೆಲಕ್ಕೆ ಸುರಿದು ನೋಡುವುದಿಲ್ಲ. ಮೊನೆಯುಳ್ಳ ಒಂದು ಸಣ್ಣ ಕೊಳವೆಯನ್ನು ಚೀಲಕ್ಕೆ ಚುಚ್ಚುತ್ತಾನೆ. ಒಂದಿಷ್ಟು ಕಾಳು ಅವನ ಅಂಗೈಗೆ ಬೀಳುತ್ತದೆ. ಕಾಳು ಹಸಿಯಾಗಿದೆಯೋ ಒಣಗಿದೆಯೋ, ಹುಳು ಹಿಡಿದಿದೆಯೋ ಇಲ್ಲವೋ ಎಂಬುದನ್ನು ಅಷ್ಟರಿಂದಲೇ ಹೇಳಿಬಿಡುತ್ತಾನೆ. ಚೀಲದ ಹೊಲಿಗೆ ಮಾತ್ರ ಹಾಗೆಯೇ ಇರುತ್ತದೆ.

ಇಂದು ನಾನು ನಿಮಗೆ ತಿಳಿಸಬೇಕೆಂದಿರುವ ವೈದ್ಯಕೀಯ ಪರೀಕ್ಷೆಯ ಮೂಲ ತತ್ತ್ವವೂ ಇಷ್ಟೇ. ಎದೆಯನ್ನು ತೆರೆಯದೆ, ಅದರೊಳಗೆ ಬೆಳೆದ ಗಡ್ಡೆಯಿಂದ ಒಂದು ತೆಳುವಾದ ಸೂಜಿಯ ಮೂಲಕ ಕೆಲವು ಜೀವಕೋಶಗಳನ್ನು ಹೊರತೆಗೆದು, ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಆ ಗಡ್ಡೆ ಯಾವುದೆಂದು ಹೇಳುವುದು. ಇದಕ್ಕೆ ಸೂಜಿ ಬಯಾಪ್ಸಿ ಅಥವಾ ಸೂಜಿ ಪರೀಕ್ಷೆ ಎನ್ನುತ್ತಾರೆ.

ಇದು ಡಾಕ್ಟರರಿಗೆ ಸಂಬಂಧಿಸಿದ ವಿಷಯ, ನಮಗೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಹಳ್ಳಿಯ ಮನೆಗಳಲ್ಲಿ ಓದು ಬರಹ ಬಲ್ಲ ಮೊದಲ ವ್ಯಕ್ತಿ ಎಷ್ಟೋ ಸಲ ಕಾಲೇಜಿಗೆ ಹೋಗುವ ಮಗ ಅಥವಾ ಮಗಳೇ ಆಗಿರುತ್ತಾರೆ. ಆಸ್ಪತ್ರೆಯ ಚೀಟಿ ಓದಿ ಹೇಳುವವರು ಅವರೇ. 'ಈ ಪರೀಕ್ಷೆ ಮಾಡಿಸೋಣವೋ ಬೇಡವೋ' ಎಂದು ಮನೆಯವರು ಅವರ ಮುಖವನ್ನೇ ನೋಡುತ್ತಾರೆ. ಆ ಗಳಿಗೆಯಲ್ಲಿ ನೀವು ಆಡುವ ಮಾತಿಗೆ ಒಂದು ಜೀವದ ಬೆಲೆ ಇರಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗದಗ ಜಿಲ್ಲೆಯ ರೋಣ, ಗಜೇಂದ್ರಗಡದ ಸೀಮೆಯಲ್ಲಿ ಮುಶಿಗೇರಿ ಎಂಬ ಊರಿದೆ. ಅಂಥ ಊರಿನ ಹತ್ತೊಂಬತ್ತು ವರ್ಷದ ವಿದ್ಯಾರ್ಥಿಯೊಬ್ಬನಿಗೆ ಎರಡು ತಿಂಗಳಿಂದ ಕೆಮ್ಮು. ಸಂಜೆಯಾದರೆ ಮೈ ಬಿಸಿ. ತೂಕ ಇಳಿದಿದೆ. ಎಕ್ಸ್‌ರೇ ತೆಗೆಸಿದಾಗ ಎದೆಯ ನಡುವೆ, ಹೃದಯದ ಮೇಲ್ಭಾಗದಲ್ಲಿ, ಅಗಲವಾದ ಒಂದು ಬಿಳಿಯ ನೆರಳು ಕಂಡಿತು. ಇದೇನು?

ನಮ್ಮ ದೇಶದಲ್ಲಿ ಮೊದಲು ಮನಸ್ಸಿಗೆ ಬರುವ ಉತ್ತರ ಕ್ಷಯ. ಅದು ತಪ್ಪಲ್ಲ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕನೇ ಒಂದು ಭಾಗ ಭಾರತದಲ್ಲಿದ್ದಾರೆ. ಈ ರೋಗವನ್ನು ಎದುರಿಸುವ ದಾರಿ ಹುಡುಕಲೆಂದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಇದ್ದಾಗ ಕಫವನ್ನು ಪರೀಕ್ಷಿಸಲೇಬೇಕು. ಸರಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಆದರೆ ಕಫದಲ್ಲಿ ಕ್ಷಯದ ರೋಗಾಣು ಸಿಗಲಿಲ್ಲ, ಎಕ್ಸ್‌ರೇಯಲ್ಲಿ ನೆರಳು ಮಾತ್ರ ಹಾಗೆಯೇ ಇದೆ ಎಂದಾಗ ಮುಂದೇನು? ಸಮಸ್ಯೆ ನಿಜವಾಗಿ ಶುರುವಾಗುವುದು ಇಲ್ಲಿಂದ.

ಎಕ್ಸ್‌ರೇ ತೋರಿಸುವುದು ನೆರಳನ್ನು. ಗೋಡೆಯ ಮೇಲಿನ ನೆರಳನ್ನು ನೋಡಿ ಬಂದವನ ಎತ್ತರವನ್ನು ಹೇಳಬಹುದು, ಹೆಸರನ್ನು ಹೇಳಲಾಗದು. ಹಾಗೆಯೇ ಎದೆಯ ನೆರಳಿಗೂ ಹಲವು ಹೆಸರುಗಳಿರಬಹುದು.

ಇದನ್ನು ತಿಳಿಯಲು ಎದೆಗೂಡಿನ ರಚನೆಯನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಎಡಕ್ಕೆ ಒಂದು, ಬಲಕ್ಕೆ ಒಂದು ಶ್ವಾಸಕೋಶ. ಇವೆರಡರ ನಡುವೆ ಒಂದು ಓಣಿಯಂಥ ಜಾಗವಿದೆ. ಹೃದಯ, ದೊಡ್ಡ ರಕ್ತನಾಳಗಳು, ಶ್ವಾಸನಾಳ, ಅನ್ನನಾಳ ಎಲ್ಲವೂ ಈ ಓಣಿಯಲ್ಲಿಯೇ ಇವೆ. ಓಣಿಯ ಮುಂಭಾಗದಲ್ಲಿ, ಎದೆಯ ನಡುಮೂಳೆಯ ಹಿಂದೆ, ಥೈಮಸ್ ಎಂಬ ಗ್ರಂಥಿಯಿದೆ. ಬಾಲ್ಯದಲ್ಲಿ ರೋಗನಿರೋಧಕ ಶಕ್ತಿಯನ್ನು ರೂಪಿಸುವ ಈ ಗ್ರಂಥಿ ವಯಸ್ಸಾದಂತೆ ಕುಗ್ಗುತ್ತದೆ. ಕೆಲವರಲ್ಲಿ ಇದೇ ಗ್ರಂಥಿಯಲ್ಲಿ ಥೈಮೋಮಾ ಎಂಬ ಗಡ್ಡೆ ಬೆಳೆಯುತ್ತದೆ. ಓಣಿಯ ಮಧ್ಯಭಾಗದಲ್ಲಿ ದುಗ್ಧಗ್ರಂಥಿಗಳು ಹೆಚ್ಚಾಗಿವೆ. ಕ್ಷಯದಿಂದಲೂ ಅವು ಉಬ್ಬಬಹುದು, ಲಿಂಫೋಮಾ ಎಂಬ ಅರ್ಬುದದಿಂದಲೂ ಉಬ್ಬಬಹುದು. ಬೆನ್ನುಮೂಳೆಯ ಪಕ್ಕದ ಹಿಂಭಾಗದಲ್ಲಿ ನರಗಳಿಂದ ಹುಟ್ಟುವ ಗಡ್ಡೆಗಳು ಕಾಣುತ್ತವೆ. ದೊಡ್ಡವರಲ್ಲಿ ಅವುಗಳಲ್ಲಿ ಹೆಚ್ಚಿನವು ಸೌಮ್ಯವಾದವು. ಇನ್ನೊಂದು ವಿಚಿತ್ರ ಬಗೆಯಿದೆ. ಭ್ರೂಣ ಬೆಳೆಯುವಾಗ ಸಂತಾನೋತ್ಪತ್ತಿಗೆ ಮೀಸಲಾದ ಕೆಲವು ಮೂಲಕೋಶಗಳು ತಮ್ಮ ಜಾಗ ಸೇರದೆ ಎದೆಯ ನಡುವೆಯೇ ಉಳಿದುಬಿಡುತ್ತವೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಅವು ಮುಂದೆ ಗಡ್ಡೆಯಾಗಬಹುದು. ಇವುಗಳಲ್ಲಿ ಮಾರಕವಾದವು ಹೆಚ್ಚಾಗಿ ಕಾಣುವುದು ಯುವಕರಲ್ಲಿ.

ಇವೆಲ್ಲ ಎಷ್ಟು ಅಪರೂಪ? ಅಮೆರಿಕದ ಲೆಕ್ಕಾಚಾರದಂತೆ ಥೈಮೋಮಾ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. 2011ರ ಜನಗಣತಿಯ ಪ್ರಕಾರ ಗದಗ ಜಿಲ್ಲೆಯ ಜನಸಂಖ್ಯೆ ಹತ್ತು ಲಕ್ಷಕ್ಕೆ ಸ್ವಲ್ಪ ಹೆಚ್ಚು. ಅದೇ ಪ್ರಮಾಣ ಇಲ್ಲಿಯೂ ಇದೆಯೆಂದು ಇಟ್ಟುಕೊಂಡರೆ ಇಡೀ ಜಿಲ್ಲೆಗೆ ವರ್ಷಕ್ಕೆ ಒಬ್ಬರು ಅಥವಾ ಇಬ್ಬರು. ಒಬ್ಬ ಹಳ್ಳಿ ವೈದ್ಯರು ತಮ್ಮ ಜೀವಮಾನದಲ್ಲಿ ಇಂಥ ರೋಗಿಯನ್ನು ನೋಡದೆಯೇ ಇರಬಹುದು. ಅಪರೂಪದ ರೋಗದ ನಿಜವಾದ ಅಪಾಯ ಇಲ್ಲಿದೆ: ಅದು ಸಾಮಾನ್ಯ ರೋಗದ ವೇಷದಲ್ಲಿ ಬರುತ್ತದೆ. ನೂರು ಜನರಿಗೆ ಸರಿಯಾಗುವ ಊಹೆ ನೂರಾ ಒಂದನೆಯವನಿಗೆ ತಪ್ಪಾಗುತ್ತದೆ.

ಊಹೆ ತಪ್ಪಿದರೆ ಏನಾಗುತ್ತದೆ? ಈಗ ಚಿಕಿತ್ಸೆಗಳನ್ನು ಹೋಲಿಸಿ ನೋಡಿ. ಕ್ಷಯವಾದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ ಸಾಕು. ಥೈಮೋಮಾ ಆದರೆ ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಗಡ್ಡೆಯನ್ನು ಪೂರ್ಣವಾಗಿ ತೆಗೆಯಬೇಕು. ಲಿಂಫೋಮಾ ಆದರೆ ಶಸ್ತ್ರಕ್ರಿಯೆಯಿಂದ ಅದು ವಾಸಿಯಾಗುವುದಿಲ್ಲ. ರಕ್ತನಾಳದ ಮೂಲಕ ಕೊಡುವ ಔಷಧಿಗಳು, ಬೇಕಾದರೆ ವಿಕಿರಣ, ಅದನ್ನು ಕರಗಿಸುತ್ತವೆ. ಯುವಕರಲ್ಲಿ ಬರುವ ಹಾಡ್ಜ್‌ಕಿನ್ ಲಿಂಫೋಮಾದಿಂದ ಸರಿಯಾದ ಚಿಕಿತ್ಸೆ ಪಡೆದ ಬಹುಪಾಲು ಜನ ಗುಣವಾಗುತ್ತಾರೆ. ಮೂಲಕೋಶದ ಗಡ್ಡೆಗೆ ಸಿಸ್‌ಪ್ಲಾಟಿನ್ ಎಂಬ ಪ್ಲಾಟಿನಂ ಔಷಧಿ ಮುಖ್ಯ. 1965ರಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪ್ರಯೋಗ ಮಾಡುತ್ತಿದ್ದಾಗ ಇದರ ಗುಣ ಬೆಳಕಿಗೆ ಬಂತು. ಹೀಗೆ ಒಂದೇ ನೆರಳಿಗೆ ನಾಲ್ಕು ಬೇರೆ ಬೇರೆ ಚಿಕಿತ್ಸೆಗಳು. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಲಿಂಫೋಮಾ ಇರುವವನು ಆರು ತಿಂಗಳು ಕ್ಷಯದ ಮಾತ್ರೆ ನುಂಗಿದರೆ ಹೋಗುವುದು ಹಣವಷ್ಟೇ ಅಲ್ಲ, ಗುಣವಾಗುವ ಅವಕಾಶವೂ ಹೌದು. ಆದ್ದರಿಂದ ಗಡ್ಡೆಯ ಹೆಸರು ಮೊದಲು, ಮದ್ದು ಆಮೇಲೆ. ಇಂದಿನ ಮಾತಿನ ಸಾರ ಇದೇ.

ಗಡ್ಡೆಯ ಹೆಸರು ತಿಳಿಯಲು ಸೂಜಿ ಹಾಕುವ ಯೋಚನೆ ಹೊಸದಲ್ಲ. 1883ರಲ್ಲಿ ಜರ್ಮನಿಯ ಲೈಡೆನ್ ಎಂಬ ವೈದ್ಯರು ನ್ಯುಮೋನಿಯಾ ಬಂದವರ ಶ್ವಾಸಕೋಶದಿಂದ ಸೂಜಿಯ ಮೂಲಕ ರೋಗಾಣುಗಳನ್ನು ತೆಗೆದು ನೋಡಿದರು. ಎಕ್ಸ್‌ರೇ ಇನ್ನೂ ಹುಟ್ಟಿರದ ಕಾಲ ಅದು. ರಾಂಟ್‌ಜನ್ ಅದನ್ನು ಕಂಡುಹಿಡಿದದ್ದು 1895ರಲ್ಲಿ. 1930ರಲ್ಲಿ ನ್ಯೂಯಾರ್ಕಿನ ಹೇಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲಿಸ್ ಗಡ್ಡೆಗಳಿಂದ ಸೂಜಿಯಲ್ಲಿ ಜೀವಕೋಶಗಳನ್ನು ಹೀರಿ ತೆಗೆದು ರೋಗ ಗುರುತಿಸಿದ ಅನುಭವವನ್ನು ಪ್ರಕಟಿಸಿದರು. ಅವರ ಸೂಜಿ ದಪ್ಪವಾಗಿತ್ತು. ಮುಂದೆ ಸ್ವೀಡನ್ನಿನ ವೈದ್ಯರು ಬಹಳ ತೆಳುವಾದ ಸೂಜಿಯನ್ನು ಬಳಕೆಗೆ ತಂದರು. ಆದರೂ ಎದೆಯೊಳಗೆ ಸೂಜಿಯ ಮೊನೆ ಎಲ್ಲಿದೆ ಎಂದು ಖಚಿತವಾಗಿ ನೋಡುವ ಕಣ್ಣು ಬೇಕಾಗಿತ್ತು. ಆ ಕಣ್ಣನ್ನು ಕೊಟ್ಟದ್ದು ಸಿ.ಟಿ. ಸ್ಕ್ಯಾನ್. 1971ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯನ್ನು ಈ ಯಂತ್ರದಿಂದ ಪರೀಕ್ಷಿಸಲಾಯಿತು. ಇದರ ಹಿಂದಿದ್ದ ಹೌನ್ಸ್‌ಫೀಲ್ಡ್ ಮತ್ತು ಕಾರ್ಮಾಕ್ 1979ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಂತೆ ಈ ಯಂತ್ರ ದೇಹದ ಚಿತ್ರವನ್ನು ಪದರ ಪದರವಾಗಿ ತೋರಿಸುತ್ತದೆ. ಗಡ್ಡೆ ಎಷ್ಟು ಆಳದಲ್ಲಿದೆ, ದಾರಿಯಲ್ಲಿ ಯಾವ ರಕ್ತನಾಳವಿದೆ ಎಂಬುದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಹುದು.

ಈಗ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡೋಣ. ಮೊದಲು ರಕ್ತ ಪರೀಕ್ಷೆ. ಗಾಯವಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುತ್ತದೆಯೇ ಎಂದು ತಿಳಿಯಬೇಕು. ರೋಗಿ ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಯುವಕನಾದರೆ ಮೂಲಕೋಶದ ಗಡ್ಡೆಗಳು ರಕ್ತಕ್ಕೆ ಬಿಡುವ ಕೆಲವು ವಿಶೇಷ ವಸ್ತುಗಳನ್ನೂ ಅಳೆಯುತ್ತಾರೆ. ನಂತರ ರೋಗಿಯನ್ನು ಸಿ.ಟಿ. ಯಂತ್ರದ ಮೇಜಿನ ಮೇಲೆ ಮಲಗಿಸಿ, ಚರ್ಮದ ಮೇಲೆ ಗುರುತು ಹಾಕುತ್ತಾರೆ. ಆ ಜಾಗವನ್ನಷ್ಟೇ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ರೋಗಿಗೆ ಎಚ್ಚರವಿರುತ್ತದೆ, ಮಾತೂ ಆಡಬಹುದು. ಸೂಜಿ ಹೋಗುವಾಗ 'ಉಸಿರು ಹಿಡಿಯಿರಿ, ಕೆಮ್ಮಬೇಡಿ' ಎನ್ನುತ್ತಾರೆ. ಇದರಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ರಕ್ತನಾಳ ಮತ್ತು ನರ ಹಾದುಹೋಗುತ್ತವೆ. ಆದ್ದರಿಂದ ಸೂಜಿಯನ್ನು ಯಾವಾಗಲೂ ಪಕ್ಕೆಲುಬಿನ ಮೇಲಂಚಿನ ಪಕ್ಕದಿಂದ ಒಳಗೆ ಬಿಡುತ್ತಾರೆ. ಶರೀರ ರಚನೆಯ ಪಾಠ ಪುಸ್ತಕದಿಂದ ಕೈಗೆ ಇಳಿಯುವುದು ಹೀಗೆ.

ಸೂಜಿಗಳಲ್ಲಿ ಎರಡು ಬಗೆ. ತೆಳುವಾದ ಸೂಜಿ ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪ. ಇದು ಬಿಡಿ ಬಿಡಿ ಜೀವಕೋಶಗಳನ್ನು ಹೀರಿ ತರುತ್ತದೆ. ಇನ್ನೊಂದು ಸುಮಾರು ಒಂದು ಮಿಲಿಮೀಟರ್ ದಪ್ಪದ್ದು. ಇದು ಗಡ್ಡೆಯ ಒಂದು ಎಳೆಯನ್ನೇ, ಶಾವಿಗೆಯ ತುಂಡಿನಂತೆ, ಕತ್ತರಿಸಿ ತರುತ್ತದೆ. ಮೊದಲನೆಯದು ಗೋಡೆ ಕೆಡವಿ ತಂದ ಬಿಡಿ ಇಟ್ಟಿಗೆಗಳಿದ್ದಂತೆ, ಎರಡನೆಯದು ಗೋಡೆಯ ಒಂದು ತುಂಡೇ ಇದ್ದಂತೆ. ಇಟ್ಟಿಗೆ ನೋಡಿದರೆ ಅದು ಎಂಥ ಮಣ್ಣಿನದೆಂದು ತಿಳಿಯುತ್ತದೆ. ಗೋಡೆಯ ತುಂಡು ನೋಡಿದರೆ ಕಟ್ಟಿದ ರೀತಿಯೂ ತಿಳಿಯುತ್ತದೆ. ಥೈಮೋಮಾ, ಲಿಂಫೋಮಾಗಳಲ್ಲಿ ಈ ಕಟ್ಟಿದ ರೀತಿಯೇ ಮುಖ್ಯವಾದ್ದರಿಂದ ಅಂಥಲ್ಲಿ ಎರಡನೆಯ ಸೂಜಿಯನ್ನೇ ಬಯಸುತ್ತಾರೆ. ದುಗ್ಧಗ್ರಂಥಿಗಳು ಶ್ವಾಸನಾಳಕ್ಕೆ ಅಂಟಿಕೊಂಡಿದ್ದರೆ, ಬಾಯಿಯ ಮೂಲಕ ದುರ್ಬೀನು ಇಳಿಸಿ ಒಳಗಿನಿಂದಲೇ ಸೂಜಿ ಹಾಕುವ ಕ್ರಮವೂ ಈಗ ಇದೆ.

ಹೊರಬಂದ ಜೀವಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹಚ್ಚಿ ಬಣ್ಣ ಕೊಡುತ್ತಾರೆ. ಕತ್ತರಿಸಿದ ಎಳೆಯನ್ನು ಫಾರ್ಮಲಿನ್ ದ್ರವದಲ್ಲಿ ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಲ್ಲಿ ಪೆಥಾಲಜಿ ತಜ್ಞರ ಕೆಲಸ ಶುರುವಾಗುತ್ತದೆ. ರೋಗಿಯ ಮುಖವನ್ನು ನೋಡದೆಯೇ ಅವನ ರೋಗಕ್ಕೆ ಹೆಸರಿಡುವವರು ಇವರು. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಎರಡು ದೊಡ್ಡ ಕೋಶಕೇಂದ್ರಗಳಿರುವ ಒಂದು ಜೀವಕೋಶ ಕಾಣುತ್ತದೆ. ಅದು ನಿಮ್ಮನ್ನು ದಿಟ್ಟಿಸಿ ನೋಡುವ ಗೂಬೆಯ ಕಣ್ಣುಗಳಂತಿರುತ್ತದೆ. ಕ್ಷಯವಾದರೆ ಬೇರೆಯೇ ಚಿತ್ರ: ರೋಗಾಣುವನ್ನು ಸುತ್ತುವರಿದ ರಕ್ಷಕ ಕೋಶಗಳ ಗುಂಪು, ನಡುವೆ ಗಿಣ್ಣದಂತೆ ಸತ್ತ ಭಾಗ. ಅದೇ ಸೂಜಿಯ ಮಾದರಿಯಲ್ಲಿ ಕ್ಷಯದ ರೋಗಾಣುವಿನ ವಂಶವಾಹಿಯನ್ನೂ ಹುಡುಕಬಹುದು. ಅಂದರೆ ಸೂಜಿ ಪರೀಕ್ಷೆ ಅರ್ಬುದವನ್ನು ಮಾತ್ರ ಹುಡುಕುವುದಲ್ಲ. 'ಇದು ಅರ್ಬುದವಲ್ಲ, ಕ್ಷಯ, ಮಾತ್ರೆಯಿಂದ ವಾಸಿಯಾಗುತ್ತದೆ' ಎಂಬ ಸಮಾಧಾನದ ಮಾತನ್ನೂ ಅದೇ ಹೇಳಬಲ್ಲದು. ಚಿತ್ರ ಸ್ಪಷ್ಟವಾಗದಿದ್ದರೆ, ಒಂದೊಂದು ಜಾತಿಯ ಜೀವಕೋಶಕ್ಕೆ ಮಾತ್ರ ಅಂಟುವ ವಿಶೇಷ ಬಣ್ಣಗಳ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಇನ್ನಷ್ಟು ದಿನ ಬೇಕು. ಹತ್ತು ದಿನ ಕಾಯಿಸಿದರೆಂದು ಬೇಸರಿಸಬೇಡಿ. ಆ ದಿನಗಳು ವ್ಯರ್ಥವಲ್ಲ.

ಸೂಜಿ ಪರೀಕ್ಷೆಗೆ ಮಿತಿಗಳೂ ಇವೆ. ಅವನ್ನು ಮುಚ್ಚಿಡಬಾರದು. ವ್ಯಾಪಾರಿಯ ಕೊಳವೆ ಚೀಲದ ಮೇಲ್ಭಾಗಕ್ಕೆ ಹೋದರೆ ತಳದ ಕೆಟ್ಟ ಕಾಳು ಅದಕ್ಕೆ ಸಿಗುವುದಿಲ್ಲ. ಹಾಗೆಯೇ ಸೂಜಿಯೂ ಗಡ್ಡೆಯ ಸತ್ತ ಭಾಗಕ್ಕೋ ಅಂಚಿಗೋ ತಾಗಿದರೆ ಉತ್ತರ ಸಿಗದೆ ಹೋಗಬಹುದು. ವರದಿಯಲ್ಲಿ 'ಅರ್ಬುದದ ಕೋಶ ಕಂಡುಬಂದಿಲ್ಲ' ಎಂದಿದ್ದರೆ 'ಅರ್ಬುದವಿಲ್ಲ' ಎಂದು ಅರ್ಥವಲ್ಲ. ಮತ್ತೊಮ್ಮೆ ಸೂಜಿ ಹಾಕಬೇಕಾಗಬಹುದು, ಅಥವಾ ಸಣ್ಣ ಶಸ್ತ್ರಕ್ರಿಯೆಯಿಂದ ದೊಡ್ಡ ತುಂಡು ತೆಗೆಯಬೇಕಾಗಬಹುದು. ತೊಂದರೆಗಳೂ ಉಂಟು. ಸೂಜಿ ಶ್ವಾಸಕೋಶದ ಮೂಲಕ ಹಾದುಹೋದಾಗ ನೂರರಲ್ಲಿ ಸುಮಾರು 15ರಿಂದ 25 ಜನರಿಗೆ ಶ್ವಾಸಕೋಶದ ಹೊರಗೆ ಸ್ವಲ್ಪ ಗಾಳಿ ಸೇರುತ್ತದೆ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಇಂಗುತ್ತದೆ. ಕೆಲವರಿಗೆ ಮಾತ್ರ ಕೊಳವೆ ಹಾಕಿ ಗಾಳಿ ತೆಗೆಯಬೇಕಾಗುತ್ತದೆ. ಕಫದಲ್ಲಿ ಸ್ವಲ್ಪ ರಕ್ತ ಕಾಣಿಸಬಹುದು. ಇದಕ್ಕಾಗಿಯೇ ಪರೀಕ್ಷೆಯ ನಂತರ ಕೆಲವು ಗಂಟೆ ಆಸ್ಪತ್ರೆಯಲ್ಲಿಟ್ಟುಕೊಂಡು ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ. 'ಆರಾಮಾಗೇತಿ, ಬಸ್ಸಿಗೆ ಹೊತ್ತಾತು' ಎಂದು ಎದ್ದು ಬರಬಾರದು.

ಎಲ್ಲ ಗಡ್ಡೆಗೂ ಸೂಜಿ ಹಾಕುವುದಿಲ್ಲ. ದೊಡ್ಡ ರಕ್ತನಾಳವೇ ಉಬ್ಬಿ ಗಡ್ಡೆಯಂತೆ ಕಂಡಿದ್ದರೆ ಚುಚ್ಚುವುದು ಅಪಾಯ. ನಮ್ಮ ಕುರಿ ಸಾಕುವ ಸೀಮೆಯಲ್ಲಿ ನೆನಪಿಡಬೇಕಾದ ಇನ್ನೊಂದು ರೋಗವಿದೆ. ನಾಯಿಯ ಕರುಳಿನಲ್ಲಿರುವ ಒಂದು ಸಣ್ಣ ಲಾಡಿಹುಳುವಿನ ಮೊಟ್ಟೆಗಳು ಕೊಳಕಾದ ಕೈ, ನೀರು, ಸೊಪ್ಪಿನ ಮೂಲಕ ಮನುಷ್ಯನ ಹೊಟ್ಟೆ ಸೇರಿದರೆ, ಯಕೃತ್ತಿನಲ್ಲಿ ಅಥವಾ ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆ ಬೆಳೆಯುತ್ತದೆ. ಇದಕ್ಕೆ ಹೈಡಾಟಿಡ್ ಗುಳ್ಳೆ ಎನ್ನುತ್ತಾರೆ. ಶ್ವಾಸಕೋಶದ ಈ ಗುಳ್ಳೆಗೆ ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ ಪ್ರಾಣಕ್ಕೇ ಅಪಾಯವಾಗಬಹುದು. ಹಾಗೆಯೇ, ಚಿಕ್ಕದಾಗಿ, ಸುತ್ತ ಪೊರೆ ಕಟ್ಟಿಕೊಂಡು ಥೈಮೋಮಾ ಎಂದು ಚಿತ್ರದಲ್ಲಿಯೇ ಬಹುಮಟ್ಟಿಗೆ ತಿಳಿಯುವ ಗಡ್ಡೆಯಾದರೆ, ಪೊರೆ ಒಡೆಯದಂತೆ ನೇರವಾಗಿ ಶಸ್ತ್ರಕ್ರಿಯೆ ಮಾಡುವುದುಂಟು. ಆದ್ದರಿಂದಲೇ ಸ್ಕ್ಯಾನ್ ಮೊದಲು, ಸೂಜಿ ನಂತರ.

ಇನ್ನು ಭಯದ ಮಾತು. 'ಗಡ್ಡಿಗೆ ಸೂಜಿ ಚುಚ್ಚಿದ್ರ ಅದು ಕೆರಳತೈತಿ, ಮೈಯೆಲ್ಲಾ ಹರಡತೈತಿ, ಬ್ಯಾಡ್ರೀ' ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಈ ಮಾತು ಹುಟ್ಟಲು ಕಾರಣವಿದೆ. ಅನೇಕರು ರೋಗ ಬಲಿತ ಮೇಲೆ ಪರೀಕ್ಷೆಗೆ ಹೋದರು, ಪರೀಕ್ಷೆಯಾದ ಸ್ವಲ್ಪ ದಿನಕ್ಕೆ ತೀರಿಕೊಂಡರು. ನೋಡಿದವರು ಸೂಜಿಯನ್ನು ದೂರಿದರು. ಸೂಜಿ ಹೋದ ದಾರಿಯಲ್ಲಿ ಅರ್ಬುದದ ಕೋಶ ಬೆಳೆಯುವುದು ಸಾಧ್ಯವೇ ಇಲ್ಲವೆಂದಲ್ಲ. ಶ್ವಾಸಕೋಶದ ಗಡ್ಡೆಗಳಲ್ಲಿ ಅದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಶ್ವಾಸಕೋಶದ ಹೊದಿಕೆಯ ಒಂದು ಅಪರೂಪದ ಅರ್ಬುದದಲ್ಲಿ ಮಾತ್ರ ಈ ಪ್ರಮಾಣ ಹೆಚ್ಚು. ಅದನ್ನು ವೈದ್ಯರು ಬಲ್ಲರು. ಒಂದು ಕಡೆ ಈ ಸಣ್ಣ ಅಪಾಯ, ಇನ್ನೊಂದು ಕಡೆ ಹೆಸರೇ ತಿಳಿಯದ ರೋಗಕ್ಕೆ ಮದ್ದು ಕೊಡುವ ದೊಡ್ಡ ಅಪಾಯ. ಯಾವುದು ಭಾರವೆಂದು ನೀವೇ ತೂಗಿ ನೋಡಿ.

ಮನೆಯವರಿಗೆ ಹೇಳಲು ಕೆಲವು ಮಾತುಗಳನ್ನು ನೆನಪಿಡಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಸಂಜೆಯ ಹೊತ್ತಿಗೆ ರೆಪ್ಪೆ ಜೋಲುವುದು, ಅಗಿಯುವಾಗ ದವಡೆ ಸೋಲುವುದು ಕಂಡರೆ ತಿಳಿಸಿ. ಥೈಮೋಮಾ ಇರುವವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಸ್ನಾಯುಗಳ ಈ ದೌರ್ಬಲ್ಯ ಕಾಣುತ್ತದೆ. ಮುಖ, ಕುತ್ತಿಗೆ ಊದಿಕೊಂಡು ಉಸಿರು ಕಟ್ಟಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಉಬ್ಬಸಕ್ಕೆಂದು, ಜ್ವರಕ್ಕೆಂದು ಸ್ಟೀರಾಯ್ಡ್ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬೇಡಿ. ಅವು ಲಿಂಫೋಮಾವನ್ನು ತಾತ್ಕಾಲಿಕವಾಗಿ ಕುಗ್ಗಿಸಿ, ಸೂಜಿಗೂ ಸಿಗದಂತೆ ಮರೆಮಾಡುತ್ತವೆ. ಹಳೆಯ ಎಕ್ಸ್‌ರೇ, ಹಳೆಯ ವರದಿ, ಗಾಜಿನ ಪಟ್ಟಿ ಯಾವುದನ್ನೂ ಎಸೆಯಬೇಡಿ. ಬೇರೆ ತಜ್ಞರು ಅದೇ ಪಟ್ಟಿಯನ್ನು ಮತ್ತೆ ನೋಡಿ ಅಭಿಪ್ರಾಯ ಹೇಳಬಹುದು.

ಮುಶಿಗೇರಿಯಂಥ ಊರಿನವರಿಗೆ ದಾರಿ ಯಾವುದು? ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಗದಗಿನ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಮುಂದೆ, 1957ರಲ್ಲಿ ಆರಂಭವಾದ, ಜನ ಕಿಮ್ಸ್ ಎಂದೇ ಕರೆಯುವ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅರ್ಬುದ ಚಿಕಿತ್ಸೆಗೆಂದೇ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಬೆಂಗಳೂರಿನಲ್ಲಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೇಳಲು ಪಡಿತರ ಚೀಟಿ, ಆಧಾರ್ ಜೊತೆಗಿರಲಿ.

ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುವಿರಿ, ಕೆಲವರು ಪ್ರಯೋಗಾಲಯದಲ್ಲಿ ಗಾಜಿನ ಪಟ್ಟಿಗೆ ಬಣ್ಣ ಹಚ್ಚುವಿರಿ. ಉಳಿದವರು ರೈತರು, ಶಿಕ್ಷಕರು, ನೇಕಾರರು ಆಗುವಿರಿ. ಯಾರೇ ಆಗಿ, ಆಸ್ಪತ್ರೆಯಲ್ಲಿ ಒಂದು ಪ್ರಶ್ನೆಯನ್ನು ವಿನಯದಿಂದ ಕೇಳಲು ಕಲಿಯಿರಿ: 'ಡಾಕ್ಟರೇ, ಈ ರೋಗದ ಹೆಸರು ಖಚಿತವಾಗಿದೆಯೇ? ಇಲ್ಲವಾದರೆ ಖಚಿತಪಡಿಸಿಕೊಳ್ಳಲು ಏನು ಮಾಡಬೇಕು?' ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಕೋಪಿಸಿಕೊಳ್ಳುವುದಿಲ್ಲ. ಅವರೂ ತಮ್ಮನ್ನು ತಾವು ಕೇಳಿಕೊಳ್ಳುವ ಪ್ರಶ್ನೆ ಅದೇ.